ನಂಬದವನ ಹೆಸರಿನ ಮುಡಿ

ಜನವರಿ 30, ಶುಕ್ರವಾರ. ಬೆಳಿಗ್ಗೆ 4 ಗಂಟೆ 40 ನಿಮಿಷಕ್ಕೆ ಹಳ್ಳಿಮೈಸೂರಿನ ನಮ್ಮ ಮನೆ ಮುಂದಿನಿಂದ ಕಾರು ಹೊರಟಿತು. 4 ಗಂಟೆ 46ಕ್ಕೆ ವಾಪಸ್ ಬಂತು. ಅಪ್ಪ ತೆಂಗಿನಕಾಯಿ ಮರೆತಿದ್ದ.

"ಶ್ರೀಲಂಕಾದಲ್ಲಿ ತೆಂಗಿನಕಾಯಿ ಸಿಗಲ್ವಾ ಅಪ್ಪ?" ಎಂದು ಕೇಳಿದೆ.

"ಸಿಕ್ತವೆ ಕಣವ್ವ. ನಮ್ಮ ತ್ವಾಟದ್ದು ಸಿಕ್ತದಾ?"

ನನ್ನ ಹೆಸರು ಚೈತ್ರ. ಊರಿನ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಸಂಜೆ ಯಾರ ಮನೆಯ ಹಾಲು ಎಷ್ಟು, ಫ್ಯಾಟು ಎಷ್ಟು ಎಂದು ಬರೆದೂ ಬರೆದೂ, ಎಲ್ಲವನ್ನೂ ತಾರೀಖು ಹಾಕಿ ಗುರುತು ಹಾಕಿಕೊಳ್ಳುವ ಚಾಳಿ ಮನೆಗೂ ಬಂದಿದೆ. ಈ ಪ್ರವಾಸದಲ್ಲಿ ನಾನು ಲೆಕ್ಕ ಇಟ್ಟದ್ದು ಒಂದೇ ಬಾಬತ್ತಿಗೆ: ಅಪ್ಪ ಮತ್ತು ಸಿದ್ದಯ್ಯ ಮೇಷ್ಟ್ರ ಜಗಳಕ್ಕೆ.

ಅಪ್ಪ ತಿಮ್ಮೇಗೌಡ. ತೆಂಗು, ಶುಂಠಿ, ಸ್ವಲ್ಪ ಗದ್ದೆ. ಸಿದ್ದಯ್ಯ ಮೇಷ್ಟ್ರು ಅರಕಲಗೂಡು ಕಡೆಯ ಹಳ್ಳಿಯವರು, ನಮಗೆಲ್ಲ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು, ನಿವೃತ್ತರಾಗಿ ಈಗ ಹಾಸನದಲ್ಲಿದ್ದಾರೆ. ಇಬ್ಬರೂ ಹೊಳೆನರಸೀಪುರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಆ ಬೆಂಚಿನಿಂದ ಎದ್ದಾಗಿನಿಂದ ಇವತ್ತಿನವರೆಗೆ ಯಾವುದರಲ್ಲೂ ಒಮ್ಮತವಿಲ್ಲ. ಅಪ್ಪನಿಗೆ ಮಂಗಳವಾರ ಒಂದು ದೇವರು, ಶನಿವಾರ ಒಂದು ದೇವರು. ಮೇಷ್ಟ್ರು ಬೌದ್ಧರು. ಅವರ ತಂದೆಯ ಕಾಲದಲ್ಲೇ ಮನೆಯವರೆಲ್ಲ ದೀಕ್ಷೆ ತೆಗೆದುಕೊಂಡವರು, ಯಾವ ದೇವರಿಗೂ ಕೈ ಮುಗಿಯುವುದಿಲ್ಲ ಎಂದು ಮಾತು ಕೊಟ್ಟವರು. ಆದರೂ ವಾರಕ್ಕೊಮ್ಮೆ ಮೇಷ್ಟ್ರು ಬರದಿದ್ದರೆ ಅಪ್ಪ ಹಾಸನದ ಬಸ್ಸು ಹತ್ತುತ್ತಾನೆ. ಹೋಗಿ ಜಗಳ ಆಡಿ ಬರುತ್ತಾನೆ.

ಹೊರಡುವಾಗ ಮೇಷ್ಟ್ರಿಗೆ ಗೊತ್ತಿರದಿದ್ದ ಒಂದು ಸಂಗತಿಯನ್ನು ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ.

ಹೋದ ವರ್ಷ ಮೈಸೂರಿನ ಆಸ್ಪತ್ರೆಯಲ್ಲಿ ಮೇಷ್ಟ್ರಿಗೆ ಹೃದಯದ ಆಪರೇಷನ್ ಆಯಿತು. ಅಪ್ಪ ಕಾರಿಡಾರಿನಲ್ಲಿ ಕೂತಿದ್ದ. ಸುಬ್ರಹ್ಮಣ್ಯನಿಗೆ ಹರಕೆ ಹೊರಬೇಕು ಎನಿಸಿತಂತೆ. ಆದರೆ ಕುಕ್ಕೆಯಲ್ಲಿ ಆಗಲೇ ಎರಡು ಹರಕೆ ಬಾಕಿ ಇದ್ದವು. ಹಳೆಯದು ತೀರಿಸದೆ ಮತ್ತೆ ಕೇಳುವುದು ಹೇಗೆ ಎಂಬ ನಾಚಿಕೆ. ಪಕ್ಕದ ಕುರ್ಚಿಯಲ್ಲಿದ್ದ ಗುಂಡ್ಲುಪೇಟೆಯ ಯಜಮಾನರೊಬ್ಬರು, ತಮ್ಮ ಹೆಂಡತಿಯ ತವರಿನವರು ಸಿಲೋನಿನಿಂದ ಬಂದವರೆಂದೂ, ಅಲ್ಲಿ ಕತರಗಾಮ ಎಂಬಲ್ಲಿ ಸುಬ್ರಹ್ಮಣ್ಯ ಇದ್ದಾನೆಂದೂ ಹೇಳಿದರು. ಅಪ್ಪ ಅಲ್ಲೇ ಕಣ್ಣು ಮುಚ್ಚಿ, ಸಿದ್ದ ಬದುಕಿದರೆ ಸಮುದ್ರ ದಾಟಿ ಬಂದು ಮುಡಿ ಕೊಡುತ್ತೇನೆ, ತಲೆ ಬೋಳಿಸುತ್ತೇನೆ ಎಂದುಬಿಟ್ಟ.

ಮೇಷ್ಟ್ರು ಬದುಕಿದರು. ಹರಕೆ ಇದ್ದದ್ದು ಗೊತ್ತು, ಯಾರಿಗಾಗಿ ಎಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ. "ಅಲ್ಲೊಂದು ದೊಡ್ಡ ಸ್ತೂಪ ಅದಂತೆ ಕಣ್ಲಾ ಸಿದ್ದ, ನೀನೂ ಬಾ" ಎಂದು ಅಪ್ಪ ಪುಸಲಾಯಿಸಿದ್ದ. ಅವ್ವ ನನಗೆ ಹೇಳಿ ಕಳಿಸಿದ್ದು ಇಷ್ಟೇ: "ನಿಮ್ಮಪ್ಪಂಗೆ ಅರಕೆನೂ ತೀರ್ಬೇಕು, ಸಿದ್ದಣ್ಣನ ಸ್ನೇಹನೂ ಉಳೀಬೇಕು. ಅವೆರಡ್ರಲ್ಲಿ ಒಂದು ಕಳ್ಕೊಂಡು ಬಂದ್ರೆ ಆ ಮನುಷ್ಯ ಉಣ್ಣಾಕಿಲ್ಲ."

ಚನ್ನರಾಯಪಟ್ಟಣ

ಮೇಷ್ಟ್ರು ಹಾಸನದಿಂದ ಬಂದು ಬೈಪಾಸಿನ ಹೋಟೆಲಿನ ಮುಂದೆ ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಒಂದೇ ಬ್ಯಾಗು. ನಮ್ಮದು ನಾಲ್ಕು. ಇಡ್ಲಿ ತಿನ್ನುವಾಗಲೇ ಅಪ್ಪನ ಮಡಿಲಿನ ಗಂಟು ಅವರ ಕಣ್ಣಿಗೆ ಬಿತ್ತು.

"ಏನ್ಲಾ ಅದು, ಕೂಸಿನ ಥರ ಮಡಿಲಲ್ಲಿ ಇಟ್ಕೊಂಡಿದ್ದೀಯ?"

"ಕಾಯಿ."

"ನಿನ್ನ ದೇವರು ಲೋಕಲ್ ಮಾಲು ತಗೊಳ್ಳಲ್ವಾ?"

"ನಿನ್ ಬುದ್ಧಂಗೆ ಏನೂ ಬ್ಯಾಡ, ಅದಕ್ಕೇ ನೀನು ಬರಿಗೈಲಿ ಬಂದಿದ್ದೀಯ. ಖರ್ಚಿಲ್ಲದ ಧರ್ಮ ಕಣಪ್ಪ ನಿಂದು."

"ಖರ್ಚಿಲ್ಲ ಅಂತ ಯಾರು ಹೇಳಿದ್ದು? ಕೋಪ ಬಿಡಬೇಕು. ನಿನ್ನ ಜೊತೆ ನಾಲ್ಕು ದಿನ ಕೋಪ ಬಿಡೋದು ಎಷ್ಟು ದುಬಾರಿ ಗೊತ್ತಾ?"

ಮೊದಲ ಜಗಳ, ಕಾಫಿ ಬರುವ ಮುಂಚೆ. ಗುರುತು ಹಾಕಿಕೊಂಡೆ.

ಬೆಂಗಳೂರು ವಿಮಾನ ನಿಲ್ದಾಣ

ಕಾಯಿ ಸ್ಕ್ಯಾನಿನಲ್ಲಿ ಸಿಕ್ಕಿಬಿತ್ತು. ವಿಮಾನದ ಒಳಗೆ ಬಿಡುವುದಿಲ್ಲ ಎಂದರು.

"ಸಾ, ನಮ್ಮ ತ್ವಾಟದ್ದು ಕಣ್ಸಾ. ಔಸ್ದಿ ಒಡ್ದಿಲ್ಲ" ಎಂದು ಅಪ್ಪ ಅಲ್ಲಿನ ಅಧಿಕಾರಿಗೆ ಭರವಸೆ ಕೊಟ್ಟ. ಪಕ್ಕದಲ್ಲಿದ್ದ ಸೆಕ್ಯೂರಿಟಿ ಹುಡುಗಿ ಕನ್ನಡದವಳೇ, ನಕ್ಕಳು, ಆದರೂ ಬಿಡಲಿಲ್ಲ. ಅಪ್ಪ ಕೊನೆಗೆ ಕಾಯಿಯನ್ನು ಅವಳ ಕೈಗೇ ಕೊಟ್ಟು, "ತಗೋ ಮಗ, ಚಟ್ನಿ ಮಾಡ್ಕೊ. ಸುಮ್ನೆ ಬಿಸಾಕ್ಬೇಡ" ಎಂದ.

ಮೇಷ್ಟ್ರು ಈಗ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ವಿಮಾನದಲ್ಲಿ ಕೂತ ಮೇಲೆ, "ಅಲ್ಲಿ ಒಳ್ಳೆ ಕಾಯಿ ಹುಡುಕೋಣ ಬಿಡು" ಎಂದರು. ಅಪ್ಪ ಕಿಟಕಿ ಕಡೆ ತಿರುಗಿ ಕೂತ. ಸಮುದ್ರ ಬರುವವರೆಗೆ ತಿರುಗಲಿಲ್ಲ.

ಕ್ಯಾಂಡಿ

ಅಲ್ಲಿ ಇಳಿದು ಬಾಡಿಗೆಗೆ ಹಿಡಿದ ಕಾರಿನ ಡ್ರೈವರ್ ಸುನಿಲ್. ನೆಗೊಂಬೊ ಊರಿನವನು, ಕ್ರಿಶ್ಚಿಯನ್. ಅವನ ಕಾರಿನ ಮುಂದೆ ಒಂದೇ ಸಾಲಿನಲ್ಲಿ ಮೇರಿ ಮಾತೆ, ಬುದ್ಧ, ಗಣೇಶ. ಇಷ್ಟು ಜನ ಯಾಕೆ ಎಂದು ಮೇಷ್ಟ್ರು ಇಂಗ್ಲಿಷಿನಲ್ಲಿ ಕೇಳಿದರು.

"ಸರ್, ಬಾಡಿಗೆ ಕಾರು. ಹತ್ತಿದವರಿಗೆ ಒಬ್ಬರಾದರೂ ಗುರುತಿನವರು ಕಾಣಲಿ ಅಂತ."

"ಯಾವ ದೇವರೂ ಬೇಡ ಅನ್ನುವವನು ಹತ್ತಿದರೆ?"

"ಹಿಂದಿನ ಸೀಟಿನಲ್ಲಿ ಕೂರಬಹುದು ಸರ್. ಅಲ್ಲಿಂದ ಯಾರೂ ಕಾಣುವುದಿಲ್ಲ."

ಮೇಷ್ಟ್ರು ಹಿಂದಿನ ಸೀಟಿನಲ್ಲೇ ಇದ್ದರು. ಅಪ್ಪನಿಗೆ ಇದನ್ನು ಕನ್ನಡದಲ್ಲಿ ಹೇಳಿದ್ದು ನನ್ನ ತಪ್ಪು. ಕ್ಯಾಂಡಿ ಬರುವವರೆಗೆ ಮತ್ತೆ ಮತ್ತೆ ನೆನಪಿಸಿಕೊಂಡು ನಕ್ಕ.

ಜನವರಿ 31, ಶನಿವಾರ ಬೆಳಿಗ್ಗೆ ಬುದ್ಧನ ಹಲ್ಲನ್ನು ಇಟ್ಟಿರುವ ದೇವಾಲಯಕ್ಕೆ ಹೋದೆವು. ಪಕ್ಕದಲ್ಲಿ ಕೆರೆ, ಸುತ್ತ ಗುಡ್ಡ. ಅಪ್ಪ ಕೆರೆಯ ಏರಿ ನೋಡಿ, "ನಮ್ಮ ಚನ್ನರಾಯಪಟ್ಟಣದ ಕೆರೆ ಇದಕ್ಕಿಂತ ದೊಡ್ಡದು" ಎಂದು ತೀರ್ಪು ಕೊಟ್ಟ. ಒಳಗೆ ಡೋಲು, ಬಿಳಿ ಬಟ್ಟೆಯ ಜನ, ತಟ್ಟೆ ತುಂಬ ತಾವರೆ. ಮೇಷ್ಟ್ರು ಒಂದು ತಾವರೆ ಇಟ್ಟು, ಜನರ ಜೊತೆ ಬುದ್ಧಂ ಶರಣಂ ಹೇಳಲು ಶುರು ಮಾಡಿದರು. ನಮ್ಮ ಕ್ಲಾಸಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೇಳುತ್ತಿದ್ದ ದನಿ ಅಲ್ಲಿ ಜನರ ದನಿಯಲ್ಲಿ ಸೇರಿಹೋಯಿತು. ಊರಿನಲ್ಲಿ ಈ ಸಾಲುಗಳನ್ನು ಅವರು ಐದಾರು ಜನರ ಜೊತೆ ಹೇಳುತ್ತಾರೆ. ಇಲ್ಲಿ ಸಾವಿರ ಗಂಟಲು. ಅಪ್ಪ ಕೂಡ ಹೆಗಲಿನ ಟವಲು ತೆಗೆದು ಕೈಗೆ ಹಾಕಿಕೊಂಡು ನಿಂತಿದ್ದ. ಒಂದು ಒಳ್ಳೆಯ ಗಂಟೆ.

ಹೊರಗೆ ಬಂದರೆ ಎದುರಿಗೇ ವಿಷ್ಣುವಿನ ಗುಡಿ. ಈಗಷ್ಟೇ ನಮ್ಮ ಪಕ್ಕ ನಿಂತು ಬುದ್ಧನಿಗೆ ಹೂವಿಟ್ಟ ಹೆಂಗಸರು, ಅದೇ ಕೈಯಲ್ಲಿ ಸೀದಾ ವಿಷ್ಣುವಿನ ಹತ್ತಿರ ನಡೆದರು. ಮೇಷ್ಟ್ರು ನಿಂತಲ್ಲೇ ನಿಂತರು. ಅಪ್ಪ ನಿಂತಲ್ಲೇ ಕುಣಿದ.

"ಲೇ ಸಿದ್ದ! ನಿಮ್ಮೂರಲ್ಲಿ ನಮ್ಮೋರೂ ಅವ್ರೆ ಕಣ್ಲಾ!"

ಮೇಷ್ಟ್ರು ಒಬ್ಬ ಮಧ್ಯವಯಸ್ಸಿನ ಮನುಷ್ಯನನ್ನು ತಡೆದು, ನೀವು ಬೌದ್ಧರಲ್ಲವೇ, ಇಲ್ಲೇನು ಕೆಲಸ ಎಂದು ಕೇಳಿದರು. ಆತ ಗಾಬರಿಯಾಗಲಿಲ್ಲ. ಬುದ್ಧ ದೊಡ್ಡ ವಿಷಯಕ್ಕೆ, ಮಗಳ ಪರೀಕ್ಷೆಯಂಥದಕ್ಕೆಲ್ಲ ಅವನಿಗೆ ತೊಂದರೆ ಕೊಡಲಾಗುತ್ತದೆಯೇ ಎಂದ.

"ಇದು ಸರಿಯಲ್ಲ" ಎಂದರು ಮೇಷ್ಟ್ರು, ಕಾರಿನ ಹತ್ತಿರ ಬಂದ ಮೇಲೆ.

"ಅವ್ರ ದೇಸ, ಅವ್ರ ಬುದ್ಧ. ಸರಿಯಿಲ್ಲ ಅನ್ನಾಕೆ ನೀನ್ಯಾರು, ಅಮಲ್ದಾರನಾ?"

ಇದಕ್ಕಿಂತ ದೊಡ್ಡ ಪೆಟ್ಟು ಸ್ವಲ್ಪ ಹೊತ್ತಿಗೆ ಬಿತ್ತು. ದಾರಿಯ ಒಂದು ವಿಹಾರದಲ್ಲಿ ವಯಸ್ಸಾದ ಭಿಕ್ಷುವೊಬ್ಬರು ಮೇಷ್ಟ್ರ ಮುಖ ನೋಡಿ, ಏನೋ ಮಂತ್ರ ಹೇಳುತ್ತಾ, ಅವರ ಮಣಿಕಟ್ಟಿಗೆ ಬಿಳಿಯ ದಾರ ಕಟ್ಟಿಬಿಟ್ಟರು. ರಕ್ಷೆಗೆ ಕಟ್ಟುವ ದಾರವಂತೆ. ಮೇಷ್ಟ್ರು ನಮ್ಮ ಶಾಲೆಯಲ್ಲಿ ಹುಡುಗರ ಕೈಯ ದಾರ ನೋಡಿ ಅರ್ಧ ಗಂಟೆ ಭಾಷಣ ಮಾಡಿದ್ದವರು. ಈಗ ಕೈ ಹಿಂದಕ್ಕೆ ಎಳೆದುಕೊಳ್ಳಲೂ ಆಗದೆ, ಮುಂದಕ್ಕೆ ಚಾಚಲೂ ಆಗದೆ ನಿಂತಿದ್ದರು.

"ಬಿಚ್ಚಾಕು ಮತ್ತೆ" ಎಂದ ಅಪ್ಪ, ಕಾರಿನಲ್ಲಿ.

"ಆ ಮುದುಕರು ಎಷ್ಟು ಪ್ರೀತಿಯಿಂದ ಕಟ್ಟಿದ್ದು ನೋಡಿದ್ಯಾ? ಅವರ ಊರು ದಾಟಲಿ, ಬಿಚ್ಚುತ್ತೀನಿ."

ಅವರ ಊರು ದಾಟಿತು. ಅದರಾಚೆ ಇನ್ನೂ ಹಲವು ಊರು ದಾಟಿದವು. ದಾರ ಇತ್ತು.

ತಿಸ್ಸಮಹಾರಾಮದ ದಾರಿ

ಘಾಟಿ ಇಳಿದು ಬಯಲಿಗೆ ಬರುವಾಗ ಮಧ್ಯಾಹ್ನ. ಅಪ್ಪನ ಗಮನವೆಲ್ಲ ಮರಗಳ ಮೇಲೆ. ಎಲ್ಲಿ ನೋಡಿದರೂ ತೆಂಗು. ಕೆಲವು ಮರಗಳಲ್ಲಿ ಕಿತ್ತಳೆ ಬಣ್ಣದ ಎಳನೀರು. ಒಂದನ್ನು ಕುಡಿದು, ಸಿಹಿ ಜಾಸ್ತಿ, ಗಂಜಿ ಸಾಲದು ಎಂದು ಅಂಗಡಿಯವಳಿಗೆ ಕನ್ನಡದಲ್ಲೇ ವಿವರಿಸಿದ. ಅವಳು ಸಿಂಹಳದಲ್ಲಿ ಅಷ್ಟೇ ಉದ್ದದ ಉತ್ತರ ಕೊಟ್ಟಳು. ಇಬ್ಬರೂ ಸಮಾಧಾನವಾಗಿ ಬೀಳ್ಕೊಂಡರು. ಇಡೀ ಪ್ರವಾಸದಲ್ಲಿ ಅಪ್ಪ ಜಗಳವಿಲ್ಲದೆ ಮುಗಿಸಿದ ಚರ್ಚೆ ಇದೊಂದೇ.

ಊಟಕ್ಕೆ ತಟ್ಟೆಯಲ್ಲಿ ಬಂದದ್ದು ನಮ್ಮ ಒತ್ತುಶ್ಯಾವಿಗೆ. ನಾವು ಕಾಯಿಹಾಲು, ಬೆಲ್ಲ ಹಾಕಿಕೊಂಡು ತಿನ್ನುತ್ತೇವೆ. ಅವರು ಮೆಣಸಿನಕಾಯಿ ಹಾಕಿ ಕೆಂಪಗೆ ಕಲಸಿದ ತೆಂಗಿನತುರಿಯ ಜೊತೆ. ಅಪ್ಪ ಬೆಲ್ಲ ಕೇಳಿದ, ಹೋಟೆಲಿನವರು ತಾಳೆಬೆಲ್ಲ ತಂದುಕೊಟ್ಟು, ಈ ಮನುಷ್ಯ ಏನು ಮಾಡುತ್ತಾನೆ ಎಂದು ಅಡುಗೆಯವರ ಸಮೇತ ಸುತ್ತ ನಿಂತು ನೋಡಿದರು. ಅಪ್ಪ ಕಲಸಿ ತಿಂದ. ಅವರಲ್ಲೊಬ್ಬ ಮುಖ ಸಿಂಡರಿಸಿದ. ಅವನು ಖಾರದ ತುರಿ ತೋರಿಸಿದಾಗ ಅಪ್ಪನೂ ಮುಖ ಸಿಂಡರಿಸಿದ. ಸಮ ಸಮ.

ಕತರಗಾಮಕ್ಕೆ ಹತ್ತಿರದ ತಿಸ್ಸಮಹಾರಾಮದಲ್ಲಿ ತಂಗಿದೆವು. ಆ ಸಂಜೆ ಮೇಷ್ಟ್ರು ಮಾತ್ರೆ ನುಂಗುವಾಗ ಅಪ್ಪ ನೀರಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದ. ನುಂಗಿದರೇ ಎಂದು ಗಂಟಲು ನೋಡುತ್ತಿದ್ದ.

"ನಾಳೆ ನಿನ್ನ ತಲೆ ಬೋಳು. ಅದಾದ ಮೇಲೆ ನಾನು ಸ್ತೂಪಕ್ಕೆ. ಸರಿ ತಾನೆ?" ಎಂದರು ಮೇಷ್ಟ್ರು.

"ಊ" ಎಂದ ಅಪ್ಪ, ನನ್ನ ಕಡೆ ನೋಡದೆ.

ಕತರಗಾಮ, ಹೊಳೆ ದಂಡೆ

ಫೆಬ್ರವರಿ 1, ಭಾನುವಾರ, ಹುಣ್ಣಿಮೆ. ಅಲ್ಲಿ ಹುಣ್ಣಿಮೆಯನ್ನು ಪೋಯ ಎನ್ನುತ್ತಾರೆ, ದೇಶಕ್ಕೆಲ್ಲ ರಜೆ. ಜನ ಬಿಳಿ ಬಟ್ಟೆ ಉಟ್ಟು ಹೊಳೆಯಲ್ಲಿ ಮುಳುಗೆದ್ದು ಗುಡಿಗೆ ಹೋಗುತ್ತಿದ್ದರು. ಒಂದೇ ಬಯಲಿನಲ್ಲಿ ಸುಬ್ರಹ್ಮಣ್ಯನ ಗುಡಿ, ಅದರಾಚೆ ಸ್ತೂಪ, ಈಚೆ ಮಸೀದಿ.

ಅಪ್ಪನ ಒಂದು ಲೆಕ್ಕಾಚಾರ ತಪ್ಪಿತ್ತು. ನಮ್ಮ ಕಡೆ ಯಾವ ದೊಡ್ಡ ಕ್ಷೇತ್ರಕ್ಕೆ ಹೋದರೂ ಮುಡಿ ತೆಗೆಯುವವರು ಸಾಲಾಗಿ ಕೂತಿರುತ್ತಾರೆ, ತಲೆ ಬಗ್ಗಿಸಿದರೆ ಸಾಕು. ಇಲ್ಲಿಯೂ ಹಾಗೇ ಎಂದುಕೊಂಡಿದ್ದ. ಹೊಳೆ ದಂಡೆ ಮೇಲಿಂದ ಕೆಳಗಿನವರೆಗೆ ಹುಡುಕಿದೆವು. ಒಬ್ಬರೂ ಸಿಗಲಿಲ್ಲ. ಸುನಿಲ್ ಪೇಟೆಗೆ ಕರೆದುಕೊಂಡು ಹೋಗಿ ತೋರಿಸಿದ ಎರಡು ಕ್ಷೌರದಂಗಡಿಗೂ ಬೀಗ. "ಪೋಯ. ನಾಳೆ" ಎಂದ. ನಾಳೆ ನಮ್ಮ ವಿಮಾನ.

"ನೀನೇ ತೆಗಿ ಮಗ" ಎಂದ ಅಪ್ಪ ನನಗೆ, ಹೊಳೆ ದಂಡೆಗೆ ವಾಪಸ್ ಬಂದ ಮೇಲೆ.

ಸುನಿಲ್ ಎಲ್ಲಿಂದಲೋ ಕತ್ತರಿ ತಂದ. ನನಗೆ ಹಾಲು ಅಳೆಯುವುದು ಗೊತ್ತು, ತಲೆ ಗೊತ್ತಿಲ್ಲ. ಎಡಗಡೆಯಿಂದ ಶುರು ಮಾಡಿದೆ. ಒಂದು ಕಡೆ ಬುಡಕ್ಕೆ, ಒಂದು ಕಡೆ ಮೊಳಕೆ ಬಿಟ್ಟ ಹಾಗೆ, ಕಿವಿಯ ಹಿಂದೆ ಒಂದು ಗೀರು, ರಕ್ತದ ಹನಿ. ಮರದ ಮೇಲಿದ್ದ ಕೋತಿಗಳೂ ಕೆಳಗಿಳಿದು ಬಂದು ನೋಡತೊಡಗಿದವು. ಅರ್ಧ ತಲೆಯಾಗುವಷ್ಟರಲ್ಲಿ ಕತ್ತರಿ ಕೆಳಗಿಟ್ಟುಬಿಟ್ಟೆ.

ಮೇಷ್ಟ್ರು ಹೊಳೆಯಲ್ಲಿ ಸ್ನಾನ ಮಾಡುತ್ತಿದ್ದವರು, ಸೊಂಟಕ್ಕೆ ಟವಲು ಸುತ್ತಿಕೊಂಡು ನಗುತ್ತಾ ಬಂದರು.

"ಏನ್ಲಾ ತಿಮ್ಮ, ಶುಂಠಿ ಹೊಲಕ್ಕೆ ಹಂದಿ ನುಗ್ಗಿದಂಗಿದೆ. ಅಲ್ಲ, ಇಷ್ಟು ದೂರ ಬಂದು ತಲೆ ಬೋಳಿಸ್ಕೊಳ್ಳೋ ಅಂಥದ್ದು ಏನಾಗಿತ್ತು? ನಿಮ್ಮನೇಲಿ ಎಲ್ಲರೂ ಗುಂಡುಕಲ್ಲಿನಂಗೆ ಇದ್ದೀರಲ್ಲ?"

ಹರಕೆ ತೀರಿಸುವ ದಿನ ಸುಳ್ಳು ಹೇಳಬಾರದು. ಅಪ್ಪನ ಕಣ್ಣು ಮೇಷ್ಟ್ರ ಎದೆಯ ಮೇಲಿನ ಉದ್ದನೆಯ ಹೊಲಿಗೆಯ ಗುರುತಿಗೆ ಹೋಯಿತು. ಹೋಗಿ ಅಲ್ಲೇ ನಿಂತಿತು.

ಮೇಷ್ಟ್ರು ತಮ್ಮ ಎದೆ ನೋಡಿಕೊಂಡರು. ನಗು ಹೋಯಿತು.

"ನನಗಾಗಿಯಾ?"

ಅಪ್ಪ ಹೌದೆಂದು ತಲೆ ಆಡಿಸಿದ.

"ನನ್ನ ಕೇಳಿದ್ಯಾ?"

"ನಿಂಗೆ ಮತ್ತು ಬರಾ ಸೂಜಿ ಕೊಟ್ಟಿದ್ರು ಕಣ್ಲಾ. ಎಂಗ್ ಕೇಳ್ಲಿ?"

ಬೇರೆ ಯಾವತ್ತಾದರೂ ಆಗಿದ್ದರೆ ಇದಕ್ಕೆ ಮೂವರೂ ನಗುತ್ತಿದ್ದೆವು. ಮೇಷ್ಟ್ರು ಕಲ್ಲಿನ ಮೇಲೆ ಕೂತರು.

"ನಮ್ಮಪ್ಪ ಊರ ಗುಡಿ ಮುಂದೆ ನಿಂತು, ಒಳಗಿನ ದೀಪ ಕಾಣುತ್ತಾ ಅಂತ ಕತ್ತು ಉದ್ದ ಮಾಡ್ತಿದ್ದ. ಮೆಟ್ಟಿಲು ಹತ್ತೋ ಹಂಗಿರಲಿಲ್ಲ. ಒಂದು ದಿನ ಸಾಕು ಅಂತ ತಿರುಗಿ ಬಂದ. ದೀಕ್ಷೆ ತಗೊಂಡ. ಆ ಬಾಗಿಲಿಗೆ ಇನ್ನು ಯಾವ ಅರ್ಜಿನೂ ಹಾಕಲ್ಲ ಅಂತ ಅವನೂ ಮಾತು ಕೊಟ್ಟ, ನಾನೂ ಕೊಟ್ಟೆ. ನಿಮ್ಮ ಅಮ್ಮ ಇರೋವರೆಗೂ ನಿಮ್ಮ ಜಗುಲಿ ದಾಟಿ ಒಳಗೆ ಬಂದವನಲ್ಲ ನಾನು, ಅದೂ ನಿನಗೆ ಗೊತ್ತು. ಗೊತ್ತಿದ್ದೂ ನನ್ನ ಹೆಸರಲ್ಲಿ ನೀನು ಅರ್ಜಿ ಹಾಕ್ಬಿಟ್ಟೆ."

ನಾನು ಆ ಜಗುಲಿಯಲ್ಲೇ ಆಡಿ ಬೆಳೆದವಳು. ಮೇಷ್ಟ್ರು ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದದ್ದು ಅವರಿಗೆ ಗಾಳಿ ಇಷ್ಟ ಎಂದು ಅಂದುಕೊಂಡಿದ್ದೆ.

ಅಪ್ಪ ಹೆಗಲ ಮೇಲೆ ಬಿದ್ದ ಕೂದಲು ಕೊಡವಿಕೊಂಡ. "ಗೊತ್ತಿತ್ತು ಕಣ್ಲಾ. ಅವತ್ತು ಆ ಕಾರಿಡಾರಲ್ಲಿ ಅದೇನೂ ನೆಪ್ಪಾಗ್ಲಿಲ್ಲ. ಎಲ್ಲಾದ್ರೂ ಬಾಗ್ಲು ಬಡೀಬೇಕಿತ್ತು. ನಂಗೆ ಗೊತ್ತಿದ್ದ ಬಾಗ್ಲು ಅದೊಂದೇಯ."

ಮೇಷ್ಟ್ರು ಹೊಳೆಯ ಕಡೆ ಮುಖ ತಿರುಗಿಸಿದರು.

"ನಿಂಗ್ ಬ್ಯಾಡ ಅಂದ್ರೆ ಬ್ಯಾಡ" ಎಂದು ಅಪ್ಪ ಎದ್ದ. "ಇಂಗೇ ಓಗವಾ ಊರ್ಗೆ."

ಅಪ್ಪನನ್ನು ಬಲ್ಲವರಿಗೆ ಮಾತ್ರ ಈ ಮಾತಿನ ತೂಕ ಗೊತ್ತು. ಹೊತ್ತ ಹರಕೆ ಮುರಿದರೆ, ಯಾರಿಗಾಗಿ ಹೊತ್ತಿದ್ದೋ ಅವರಿಗೆ ತಟ್ಟುತ್ತದೆ ಎಂದು ನಂಬಿದವನು ಅವನು. ಅರ್ಧ ತಲೆಯ ಮೇಲೆ ಟವಲು ಸುತ್ತಿಕೊಂಡ. ಕೈ ಸರಿಯಾಗಿ ಗಂಟು ಹಾಕುತ್ತಿರಲಿಲ್ಲ. ಆ ಗಂಟನ್ನು ಮೇಷ್ಟ್ರು ನೋಡುತ್ತಿದ್ದರು. ಆಮೇಲೆ ಎದ್ದು ಮೆಟ್ಟಿಲು ಹತ್ತಿ ಕಾರಿನ ಕಡೆ ಹೊರಟುಹೋದರು.

ಅವ್ವನಿಗೆ ಫೋನಿನಲ್ಲಿ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಎರಡರಲ್ಲಿ ಒಂದಲ್ಲ, ಎರಡೂ ಹೋಗಿದ್ದವು.

ಮೇಷ್ಟ್ರು ವಾಪಸ್ ಬಂದಾಗ ಶರ್ಟು ಹಾಕಿಕೊಂಡಿದ್ದರು. ಕೈಯಲ್ಲಿ ಅವರ ಶೇವಿಂಗ್ ಸೆಟ್ಟು, ಬ್ರಷ್ಷು, ಹೊಸ ಬ್ಲೇಡು.

"ಕೂತ್ಕೊ."

"ಬ್ಯಾಡ ಸಿದ್ದ. ನೀನು ಮಾತು ಕೊಟ್ಟಿದ್ದೀಯ. ಅದನ್ನ ಕೆಡುಸ್ಕಬ್ಯಾಡ."

"ನಾನು ಏನೂ ಕೆಡಿಸ್ಕೊತಿಲ್ಲ. ನಾನು ತೆಗೆಯೋದು ಕೂದಲು. ಕೆಳಗೆ ಬಿದ್ದ ಮೇಲೆ ಅದನ್ನ ನೀನು ಮುಡಿ ಅಂತಾದರೂ ಕರಿ, ಗೊಬ್ಬರ ಅಂತಾದರೂ ಕರಿ. ಹರಕೆ ತೀರಿಸದಿದ್ರೆ ನನಗೇನೂ ಆಗಲ್ಲ. ಆದರೆ ನನಗೆ ಒಂದು ನೆಗಡಿ ಬಂದ್ರೆ ನೀನು ಸಾಯ್ತೀಯ. ಕೂತ್ಕೊಳ್ಳೋ."

ಅಪ್ಪ ಕೂತ. ಮೇಷ್ಟ್ರು ಹೊಳೆಯ ನೀರಿನಿಂದ ಅವನ ತಲೆ ನೆನೆಸಿ, ಸೋಪಿನ ನೊರೆ ಹಚ್ಚಿ, ಹಿಂದಿನಿಂದ ಮುಂದಕ್ಕೆ ಬ್ಲೇಡು ಎಳೆದರು. ಬೋರ್ಡಿನ ಮೇಲೆ ಬರೆಯುವಾಗ ಇದ್ದ ಅದೇ ನೇರ ಸಾಲು.

"ಅಲ್ಲಾಡಬೇಡ. ನಿನ್ನ ತಲೆ ನನ್ನ ಕೈಗೆ ಸಿಕ್ಕಿದೆ, ಬ್ಲೇಡೂ ಇದೆ. ಈಗ ಹೇಳು, ದೇವರು ಇದ್ದಾನಾ?"

"ಅವ್ನೆ" ಎಂದ ಅಪ್ಪ, ಕಣ್ಣು ಮುಚ್ಚಿಕೊಂಡೇ.

"ಧೈರ್ಯ ಇದೆ ನಿನಗೆ."

ಬ್ಲೇಡು ತೊಳೆದುಕೊಂಡು ಇನ್ನೆರಡು ಸಾಲು ಎಳೆದರು. ಆಮೇಲೆ ಮೇಷ್ಟ್ರು ತಮ್ಮ ಷರತ್ತು ಹೇಳಿದರು. "ಒಳಗೆ ನನ್ನ ಹೆಸರು ಹೇಳೋದಾದರೆ ಪೂರ್ತಿ ಹೇಳಬೇಕು. ಈ ಸಿದ್ದಯ್ಯ ನಿನ್ನನ್ನ ನಂಬಲ್ಲ, ಅವನ ಎದೆ ರಿಪೇರಿ ಮಾಡಿದ್ದು ಮೈಸೂರಿನ ಡಾಕ್ಟರು, ಅಂತ."

"ದೇವ್ರ ಮುಂದೆ ಅಂಗೆಲ್ಲ ಎಂಗ್ಲಾ ಏಳಾದು?"

"ನನ್ನ ಕೇಳದೆ ನನ್ನ ಹೆಸರು ಹೇಳಿದ್ದೆಯಲ್ಲ, ಈಗ ಕೇಳಿ ಹೇಳು."

ಅಪ್ಪ ತುಂಬ ಯೋಚಿಸಿದ. ಕಡೆಗೆ, "ಆಯ್ತು" ಎಂದ. ತಲೆ ನುಣ್ಣಗಾಗಿತ್ತು. ನಾನು ಮಾಡಿದ ಗೀರಿನ ಮೇಲೆ ಮೇಷ್ಟ್ರು ಪಟಿಕದ ಕಲ್ಲು ಉಜ್ಜಿದರು. ಅಪ್ಪ "ಉಸ್" ಎಂದ.

ಪರದೆಯ ಮುಂದೆ

ಹಣ್ಣಿನ ತಟ್ಟೆ, ಒಂದು ತೆಂಗಿನಕಾಯಿ. ಕಾಯಿಯನ್ನು ಆರಿಸಿದ್ದು ಮೇಷ್ಟ್ರು: ಅಂಗಡಿಯ ಮುಂದೆ ಒಂದೊಂದನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಆರಿಸಿದರು. ಗುಡಿಯ ಮೆಟ್ಟಿಲವರೆಗೆ ತಟ್ಟೆ ಹೊತ್ತು ತಂದು ಅಪ್ಪನ ಕೈಗೆ ಕೊಟ್ಟು, ಹಿಂದೆ ಸರಿದು ಮರದ ನೆರಳಿನಲ್ಲಿ ನಿಂತರು. ಬಾ ಎಂದು ಅಪ್ಪ ಕರೆಯಲಿಲ್ಲ. ಬರುತ್ತೇನೆ ಎಂದು ಅವರು ಅನ್ನಲಿಲ್ಲ.

ಒಳಗೆ ಕತ್ತಲು, ಹೊಗೆ, ಜನ. ಎದುರಿಗೆ ದೊಡ್ಡ ಪರದೆ, ಅದರ ಮೇಲೆ ನವಿಲಿನ ಮೇಲೆ ಕೂತ ಸ್ವಾಮಿಯ ಚಿತ್ರ.

"ದೇವ್ರೆಲ್ಲವ್ವ?" ಎಂದು ಅಪ್ಪ ಪಿಸುಗುಟ್ಟಿದ.

"ಪರದೆ ಹಿಂದೆ. ತೆಗೆಯಲ್ಲವಂತೆ."

ಅಲ್ಲಿ ಪೂಜಾರಿಯನ್ನು ಕಪುರಾಳ ಎನ್ನುತ್ತಾರೆ. ಬಂದವರ ಕೋರಿಕೆಯನ್ನು ಕೇಳಿಕೊಂಡು ಅದನ್ನು ರಾಗವಾಗಿ ದೇವರಿಗೆ ತಲುಪಿಸುವುದು ಅವರ ಕೆಲಸ. ಅಪ್ಪ ನನಗೆ ಕನ್ನಡದಲ್ಲಿ ಹೇಳಿದ, ನಾನು ಸುನಿಲ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಸುನಿಲ್ ನನ್ನ ಮುಖ ನೋಡಿದ.

"ನಂಬುವುದಿಲ್ಲ ಎನ್ನುವುದನ್ನೂ ಹೇಳಬೇಕಾ ಮೇಡಂ?"

"ಹೇಳಬೇಕು. ಡಾಕ್ಟರನ್ನೂ ಬಿಡಬೇಡಿ."

ಸುನಿಲ್ ಸಿಂಹಳದಲ್ಲಿ ಹೇಳಿದ. ಕಪುರಾಳರು ಅಪ್ಪನ ಹೊಸ ಬೋಳುತಲೆ ನೋಡಿದರು, ಹೊರಗೆ ಮರದ ಕೆಳಗಿದ್ದ ಮೇಷ್ಟ್ರನ್ನು ನೋಡಿದರು. ಏನೋ ಕೇಳಿದರು. ಈಗ ಅವರ ಆರೋಗ್ಯ ಹೇಗಿದೆ ಎಂದು ಕೇಳುತ್ತಿದ್ದಾರೆ ಎಂದ ಸುನಿಲ್. ಚೆನ್ನಾಗಿದೆ ಎಂದೆ. ಅವರು ತಲೆಯಾಡಿಸಿ, ಪರದೆಯ ಕಡೆ ತಿರುಗಿ, ಬೇರೆಯವರಿಗೆಲ್ಲ ಹೇಳಿದ ಅದೇ ರಾಗದಲ್ಲಿ ಶುರು ಮಾಡಿದರು. ಅರ್ಥವಾಗದ ಆ ರಾಗದ ನಡುವೆ ನನಗೆ ಮೂರು ಮಾತು ಸ್ಪಷ್ಟವಾಗಿ ಕೇಳಿಸಿದವು: ಸಿದ್ದಯ್ಯ. ಮೈಸೂರ್. ಡಾಕ್ಟರ್.

ಡಾಕ್ಟರ್ ಎಂದಾಗ ಅಪ್ಪ ಮೇಲಿನಿಂದ ಏನೋ ಬೀಳುತ್ತದೆ ಎನ್ನುವವನ ಹಾಗೆ ಕತ್ತು ಒಳಗೆ ಎಳೆದುಕೊಂಡ. ಏನೂ ಬೀಳಲಿಲ್ಲ. ಅರ್ಧ ಹಣ್ಣು ವಾಪಸ್ ಕೊಟ್ಟರು.

ಹೊರಗೆ ಬಂದು ಪರದೆಯ ವಿಷಯ ಹೇಳಿದಾಗ ಮೇಷ್ಟ್ರು, "ಹಿಂದೆ ಇದ್ದಾನೆ ಅಂತಾರೆ, ಆದರೆ ಕಾಣಲ್ಲ. ನಾನು ಇಷ್ಟು ವರ್ಷ ಹೇಳ್ತಿದ್ದದ್ದೂ ಅದನ್ನೇ ಅಲ್ವಾ?" ಎಂದರು.

"ಕಾಣಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ" ಎಂದ ಅಪ್ಪ, ಬಾಳೆಹಣ್ಣು ಸುಲಿದು ಕೊಡುತ್ತಾ. ದೇವರಿಗೆ ಇಟ್ಟ ಹಣ್ಣು. ಕೈ ಚಾಚಿದ ಮೇಲೆ ಅವನಿಗೆ ಹೊಳೆದಿರಬೇಕು. ಕೈ ಅರ್ಧಕ್ಕೆ ನಿಂತಿತು. ಮೇಷ್ಟ್ರು ಕೈಯಿಂದ ತೆಗೆದುಕೊಂಡು, "ನನಗೆ ಇದು ಬಾಳೆಹಣ್ಣು" ಎಂದು ತಿಂದರು.

ಕಿರಿ ವೆಹೆರ

ಅದು ಆ ಸ್ತೂಪದ ಹೆಸರು. ಗುಡಿಯಿಂದ ಮರಗಳ ನಡುವಿನ ನೇರ ದಾರಿ, ಕೊನೆಗೆ ಹಾಲಿನಂಥ ಬಿಳಿಯ ಗುಮ್ಮಟ. ಬಿಸಿಲಿಗೆ ಕಾಲು ಸುಡುತ್ತಿತ್ತು. ಬಿಳಿ ಪಂಚೆ, ಬೋಳುತಲೆಯ ಅಪ್ಪನನ್ನು ಕಂಡು ದೃಷ್ಟಿ ಮಂದವಾದ ಒಬ್ಬ ಅಜ್ಜಿ ಕೈ ಮುಗಿದು ಬಗ್ಗಿದರು. ಅಪ್ಪ ಗಾಬರಿಯಿಂದ ಅವರಿಗಿಂತ ಕೆಳಗೆ ಬಗ್ಗಿದ. ಅವರು ಇನ್ನೂ ಬಗ್ಗಿದರು.

"ನಾನಲ್ಲ ಅಂತ ಏಳ್ಲಾ ಸಿದ್ದ!"

"ನಾನ್ಯಾಕೆ ಹೇಳಲಿ? ಸಂಸಾರ ಬಿಟ್ಟಿದ್ದೀಯ ಅಂತ ನಿನ್ನ ಹೆಂಡತಿಗೆ ಫೋನ್ ಮಾಡ್ತೀನಿ" ಎಂದು ಮೇಷ್ಟ್ರು ಎರಡು ದಿನದ ಬಾಕಿ ನಗುವನ್ನೆಲ್ಲ ಅಲ್ಲಿ ತೀರಿಸಿಕೊಂಡರು.

ನೆರಳಿನಲ್ಲಿ ಕೂತೆವು. ಮೇಷ್ಟ್ರು ಕಣ್ಣು ಮುಚ್ಚಿದರು. ಅಪ್ಪನೂ ಮುಚ್ಚಿದ, ತೆಗೆದ, ಮತ್ತೆ ಮುಚ್ಚಿದ.

"ಇಲ್ಲಿ ಏನ್ ಬೇಡ್ಕಬೇಕು?"

"ಏನೂ ಬೇಡ್ಕೊಳ್ಳೋ ಹಂಗಿಲ್ಲ. ಸುಮ್ಮನೆ ಕೂತ್ಕೊ."

ಅಪ್ಪ ಪ್ರಯತ್ನ ಪಟ್ಟ. ತುಟಿ ಅಲ್ಲಾಡುವುದು ನಿಲ್ಲಲಿಲ್ಲ.

"ಏನು ಗೊಣಗ್ತಿದ್ದೀಯ?"

"ಕೇಳಾಕೆ ಯಾರೂ ಇಲ್ಲ ಅಂದ್ರೆ ಯಾರ್ ಜೊತೆ ಮಾತಾಡದು, ಏಳು ಮತ್ತೆ?"

ಮೇಷ್ಟ್ರು ಕಣ್ಣು ತೆರೆದರು. "ನನ್ನ ಜೊತೆ ಮಾತಾಡು. ಪಕ್ಕದಲ್ಲೇ ಇದ್ದೀನಲ್ಲ."

ಮತ್ತೆ ಶುರುವಾಯಿತು. ನೆರಳು ಸರಿದು ಮೂವರ ಮೇಲೂ ಬಿಸಿಲು ಬೀಳುವವರೆಗೆ ಇಬ್ಬರೂ ಬಿಡಲಿಲ್ಲ. ಆ ಜಗಳಕ್ಕೆ ನಾನು ಗುರುತು ಹಾಕಲಿಲ್ಲ. ಅವ್ವನಿಗೆ ಫೋನ್ ಮಾಡಿ, ಎರಡೂ ಉಳಿದಿವೆ ಎಂದಷ್ಟೇ ಹೇಳಿದೆ.

ಒಂದು ವಿಷಯ ಮಾತ್ರ ಇತ್ಯರ್ಥವಾಗದೆ ಊರಿಗೆ ಬಂದಿದೆ. ನನಗೆ ಕೇಳಿಸಿದ್ದು ಮೂರೇ ಮಾತು; ಆ ಗದ್ದಲದಲ್ಲಿ ತನಗೂ ಪೂರ್ತಿ ಕೇಳಿಸಲಿಲ್ಲ ಎಂದ ಸುನಿಲ್. 'ನಂಬುವುದಿಲ್ಲ' ಎನ್ನುವುದನ್ನೂ ಕಪುರಾಳರು ಹೇಳಿದರೇ, ಅಥವಾ ಅತಿಥಿಯ ಮರ್ಯಾದೆಗೆ ಅದನ್ನು ನುಂಗಿಕೊಂಡರೇ? ಅವರು ಹೇಳಿರಬಾರದು ಎಂದು ಅಪ್ಪನ ಆಸೆ. ಹೇಳಿರಲೇಬೇಕು ಎಂದು ಮೇಷ್ಟ್ರ ಹಟ. ಹೇಳದಿದ್ದರೆ ಇನ್ನೊಮ್ಮೆ ಹೋಗಬೇಕಂತೆ, ಅಪ್ಪನನ್ನು ಕರೆದುಕೊಂಡೇ. ಅಲ್ಲಿನ ಪದ್ಧತಿಯನ್ನು ಬಲ್ಲವರು, ಇಂಥ ಕೋರಿಕೆಯನ್ನು ಕಪುರಾಳರು ಪೂರ್ತಿ ಒಪ್ಪಿಸುತ್ತಾರೆಯೇ ಎಂದು ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಉತ್ತರ ಯಾರ ಪರವಾಗಿ ಬಂದರೂ, ಇಬ್ಬರನ್ನೂ ನಮ್ಮ ನಡುಮನೆಯಲ್ಲಿ ಕೂರಿಸಿ, ಒಂದಕ್ಷರ ಬಿಡದೆ ಓದಿ ಹೇಳುತ್ತೇನೆ.